ಸೌತೆಕಾಯಿ ಹಿಡಿದ ಗೌರವ ನಾಗರಿಕ

ನಿಮ್ಮ ಪ್ರತಿಭಟನೆ ಗುರುವಾರ ಮಧ್ಯಾಹ್ನವೇ ಏಕೆ ಎಂದು ಪತ್ರಿಕೆಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಗುರುವಾರಕ್ಕೆ ಏನಾದರೂ ಐತಿಹಾಸಿಕ ಮಹತ್ವವಿರಬೇಕು ಎಂದು ಅವಳ ಗುಮಾನಿ. ಇದೆ ತಾಯಿ, ಅಂದೆ. ಇಟಲಿಯಲ್ಲಿ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ನಮ್ಮಂಥ ಹೆಂಗಸರಿಗೆ ವಾರದ ನಡುವೆ ಬಿಡುವು ಸಿಗುವುದು ಅದೊಂದೇ ಮಧ್ಯಾಹ್ನ. ಉಣ್ಣಿಸಿ, ಒರೆಸಿ, ಮಲಗಿಸಿ, ಮಗಳಿಗೋ ಸೊಸೆಗೋ ಒಪ್ಪಿಸಿ ಹೊರಟರೆ ಏಳು ಗಂಟೆಗೆ ವಾಪಸ್ ಹಾಜರಿರಬೇಕು. ಹಾಗಾಗಿ ಉಕ್ರೇನಿನ ಪರವಾಗಿ ಈ ಊರಿನಲ್ಲಿ ಏನೇ ಗಂಟಲು ಹರಿದುಕೊಳ್ಳುವುದಿದ್ದರೂ ಏಳರೊಳಗೆ ಮುಗಿಯಬೇಕು. ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ.

ನಾನು ಮೆಲಾಂಕಾ, ಉಕ್ರೇನಿನ ಪಶ್ಚಿಮಕ್ಕಿರುವ ತೆರ್ನೋಪಿಲ್ ಕಡೆಯವಳು. ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಒಬ್ಬರಾದ ಮೇಲೊಬ್ಬರಂತೆ ಹಲವು ಮುದುಕಿಯರನ್ನು ಸ್ವರ್ಗಕ್ಕೆ ಸಾಗಹಾಕಿ, ಈಗ ಎಲ್ವಿಯೊ ಎಂಬ ಮುದುಕನ ಮನೆಯಲ್ಲಿದ್ದೇನೆ. ತೊಂಬತ್ತು ಕಳೆದಿದೆ. ಕಾಲು ನಡೆಯುವುದಿಲ್ಲ, ಕಿವಿ ಕೇಳುವುದಿಲ್ಲ, ಬಾಯಿ ಮಾತ್ರ ದೇವರ ದಯೆಯಿಂದ ಇಪ್ಪತ್ತರ ಹುಡುಗನದು. ಮಗ ಫ್ಲಾವಿಯೊ ಊರಿನ ದೊಡ್ಡ ಮನುಷ್ಯ. ನಲ್ಲಿ, ಸಿಂಕು, ಬಚ್ಚಲುತೊಟ್ಟಿ ಮಾರುವ ಭಾರಿ ಅಂಗಡಿ ಅವನದು. ಪುರಸಭೆಯ ಸದಸ್ಯ ಬೇರೆ. ಭಾನುವಾರ ಬಂದು ಅಪ್ಪನ ಹಣೆಗೆ ಮುತ್ತು ಕೊಟ್ಟು, ನಾನು ಮಾಡಿದ ಅಡುಗೆ ಚಪ್ಪರಿಸಿ ಹೋಗುತ್ತಾನೆ. ಕೆಟ್ಟವನಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿ.

ಇನ್ನು ರಾಯಿಸಾ. ಅವಳು ಯುದ್ಧ ಶುರುವಾದ ಮೇಲೆ ಬಂದವಳು, ದಕ್ಷಿಣದವಳು. ಅವಳ ಊರು ಈಗ ರಷ್ಯನ್ನರ ಕೈಯಲ್ಲಿದೆ. ಇಲ್ಲಿ ಔಷಧಿ ಅಂಗಡಿಯವನ ತಾಯಿಯನ್ನು ನೋಡಿಕೊಳ್ಳುತ್ತಾಳೆ. ಇಟಾಲಿಯನ್ನಿನಲ್ಲಿ ಅವಳಿಗೆ ಬರುವುದು ಮಾತ್ರೆ, ಪಾಯಿಖಾನೆ, ಧನ್ಯವಾದ, ಇಷ್ಟೇ. ಅವಳ ಮಗ ರುಸ್ಲಾನ್ ಊರಿನ ನೀರು ಸರಬರಾಜಿನಲ್ಲಿ ಪ್ಲಂಬರ್ ಆಗಿದ್ದ. ಸೈನಿಕರು ಬಂದು ಶಾಲೆಯಲ್ಲಿ ಬೀಡುಬಿಟ್ಟಾಗ ಈ ಪುಣ್ಯಾತ್ಮ ರಸ್ತೆಯಡಿಯ ವಾಲ್ವ್ ತಿರುಗಿಸಿ ಅವರ ನೀರು ನಿಲ್ಲಿಸಿದ. ಆಮೇಲೆ ಅವರೇ ಕರೆಸಿದಾಗ ಸ್ಪ್ಯಾನರ್ ಹಿಡಿದು ಹೋಗಿ, ಪೈಪು ಪೈಪಿಗೂ ಕಿವಿಯಿಟ್ಟು, ತೊಂದರೆ ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ ಎಂದು ತಲೆ ಕೆರೆದುಕೊಂಡ. ಶಾಲೆ ಗಬ್ಬೆದ್ದು ಹೋಗುವವರೆಗೂ ಹುಡುಕುತ್ತಲೇ ಇದ್ದ. ಕೊನೆಗೆ ಯಾರೋ ಬಾಯಿಬಿಟ್ಟರು. ಮನೆಯಿಂದ ಹವಾಯಿ ಚಪ್ಪಲಿಯಲ್ಲೇ ಎಳೆದುಕೊಂಡು ಹೋದರು. ಅಂದಿನಿಂದ ಎಲ್ಲಿ ಕೇಳಿದರೂ ಅಂಥ ಹೆಸರಿನವನು ನಮ್ಮಲ್ಲಿಲ್ಲ ಎಂಬ ಉತ್ತರ.

ಗುರುವಾರ ಚೌಕದಲ್ಲಿ ನಾವು ಎತ್ತಿ ಹಿಡಿಯುವ ಪೋಸ್ಟರಿನಲ್ಲಿರುವುದು ಅವನೇ. ರಾಯಿಸಾ ಕೈಚೀಲವೊಂದನ್ನು ಹಿಡಿದು ಓಡಿಬಂದವಳು. ಅವಳ ಬಳಿ ಇದ್ದದ್ದು ಒಂದೇ ಫೋಟೊ, ಸೋದರತ್ತೆ ಮಗಳ ಮದುವೆಯದು. ಅದರಲ್ಲಿ ರುಸ್ಲಾನ್ ಟೈಯನ್ನು ತಲೆಗೆ ಕಟ್ಟಿಕೊಂಡು, ಫೋರ್ಕಿಗೆ ಉಪ್ಪಿನ ಸೌತೆಕಾಯಿ ಸಿಕ್ಕಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಹಾಡುತ್ತಿದ್ದಾನೆ. ನಮ್ಮ ಸಮಿತಿಗೆ ದೊನಾತೆಲ್ಲಾ ಎಂಬ ನಿವೃತ್ತ ಶಾಲಾ ಮೇಡಂ ಮುಂದಾಳು. ಇಟಲಿಯವರೇ, ಬಲು ಒಳ್ಳೆಯ ಜೀವ, ಮೈಕು ಹಿಡಿದರೆ ಕಣ್ಣಲ್ಲಿ ನೀರು. ಅವರು ಕಂಪ್ಯೂಟರಿನಲ್ಲಿ ಟೈ ಅಳಿಸಿದರು, ಕಣ್ಣು ತೆರೆಸಿದರು, ಫೋರ್ಕ್ ಮಾಯ ಮಾಡಿದರು. ಸೌತೆಕಾಯಿ ಅರ್ಧ ಉಳಿದುಬಿಟ್ಟಿತು. ಕೆನ್ನೆಯ ಪಕ್ಕ ಹಸಿರಗೆ ಅದೇನು, ಬಾಂಬಾ, ಎಂದು ಹೋಗಿಬರುವವರು ಕೇಳುತ್ತಾರೆ.

ಮೇಡಂ ಭಾಷಣದಲ್ಲಿ ಅವನನ್ನು ಜಲಯೋಧ ಎನ್ನುತ್ತಿದ್ದರು. ಏನಂತಾರೆ ಎಂದು ರಾಯಿಸಾ ನನ್ನ ತೋಳು ಜಗ್ಗಿದಾಗ, ನಿನ್ನ ಮಗ ಮಹಾಪುರುಷ ಅಂತಾರೆ, ಅಂದೆ.

"ಯಾರು, ನಮ್ಮ ರುಸ್ಲಾನಾ?" ಅವಳು ಮೂಗು ಮುರಿದಳು. "ಅಕ್ಕಾ, ಊರಿಗೆಲ್ಲ ನಲ್ಲಿ ರಿಪೇರಿ ಮಾಡ್ತಿದ್ದ. ನಮ್ಮನೇದು ಮಾತ್ರ ಮೂರು ವರ್ಷ ತೊಟ್ಟಿಕ್ತಾನೇ ಇತ್ತು. ಅದನ್ನೂ ಹೇಳೋಕೆ ಹೇಳು."

ಹೀಗೆ ನಗುತ್ತ ಬಯ್ಯುತ್ತ ನಡೆಯುತ್ತಿದ್ದ ನಮಗೆ ವಸಂತದಲ್ಲಿ ಒಂದು ಫೋನ್ ಬಂತು. ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದ ಅಡುಗೆಯವನೊಬ್ಬ. ಚಳಿಗಾಲದಲ್ಲಿ ರುಸ್ಲಾನನ ಜೊತೆ ಒಂದೇ ಕೋಣೆಯಲ್ಲಿದ್ದನಂತೆ. ಜೀವ ಇದೆ, ಮುಂದಿನ ಹಲ್ಲುಗಳಿಲ್ಲ, ಎಂದ. ರಾಯಿಸಾ ಗೋಡೆಗೆ ಒರಗಿಕೊಂಡು ಕೇಳುತ್ತಿದ್ದಳು.

"ಅಮ್ಮಾ, ಸುಮ್ನಿರಬೇಡಿ," ಎಂದ ಅವನು. "ಹೊರಗಡೆಯಿಂದ ಯಾರಾದ್ರೂ ಹೆಸರು ಹಿಡಿದು ಕೇಳ್ತಿದ್ರೆ ಒಳಗಡೆ ಹೊಡೆಯೋರು ಸ್ವಲ್ಪ ಹುಷಾರಾಗ್ತಾರೆ. ಕೇಳೋರೇ ಇಲ್ಲ ಅಂತ ಗೊತ್ತಾದವ್ರು... ಅವ್ರನ್ನ ಆಮೇಲೆ ನಾವು ನೋಡಲಿಲ್ಲ."

ಅಳುವ ಮಗುವಿಗೇ ಹಾಲು ಎಂಬ ಮಾತು ಅಲ್ಲಿಗೂ ಸತ್ಯ. ಅಲ್ಲಿ ಹಾಲಿಲ್ಲ, ಏಟು ಕಡಿಮೆ, ಅಷ್ಟೇ. ಅಂದಿನಿಂದ ರಾಯಿಸಾ ತಮಾಷೆ ಕಡಿಮೆ ಮಾಡಿ ಕೂಗುವುದು ಜಾಸ್ತಿ ಮಾಡಿದಳು. ದೊನಾತೆಲ್ಲಾ ಮೇಡಂ ಒಂದು ಉಪಾಯ ತೆಗೆದರು: ಪುರಸಭೆ ರುಸ್ಲಾನನನ್ನು ಈ ಊರಿನ ಗೌರವ ನಾಗರಿಕ ಎಂದು ಒಪ್ಪಿಕೊಳ್ಳಲಿ. ಆಮೇಲೆ ಮೇಯರ್ ತನ್ನ ಮೊಹರಿನ ಕಾಗದದಲ್ಲಿ ರಷ್ಯನ್ನರನ್ನು, ನಮ್ಮೂರಿನವನೊಬ್ಬ ನಿಮ್ಮಲ್ಲಿದ್ದಾನೆ, ಹೇಗಿದ್ದಾನೆ, ಎಂದು ಕೇಳುತ್ತಲೇ ಇರಬಹುದು. ವಿಚಾರಿಸಿ ನೋಡಿದರೆ ಸದಸ್ಯರು ಅರ್ಧಕ್ಕರ್ಧ. ಯಾವ ಕಡೆಗೂ ಸೇರದೆ ಉಳಿದವನು ಒಬ್ಬನೇ, ನಮ್ಮ ಫ್ಲಾವಿಯೊ.

ಭಾನುವಾರ ಅವನಿಗೆ ನಮ್ಮ ಕಡೆಯ ಬೀಟ್‌ರೂಟ್ ಸಾರು ಮಾಡಿ, ಮೇಲೆ ಕೆನೆ ಹಾಕಿ ಬಡಿಸಿದೆ. ಎರಡು ಬಟ್ಟಲು ಸುರಿದುಕೊಂಡ. ಬಾಯಿ ಒರೆಸಿಕೊಂಡ ಮೇಲೆ ಮಾತೆತ್ತಿದೆ. ಪಾಪ ಅನ್ನಿಸುತ್ತೆ ಅಂದ, ಯುದ್ಧ ಕೆಟ್ಟದ್ದು ಅಂದ, ತನ್ನ ಹೆಂಡತಿ ಯುದ್ಧ ಶುರುವಾದಾಗಲೇ ನಿರಾಶ್ರಿತರಿಗೆ ಕಂಬಳಿ ಕೊಟ್ಟಿದ್ದಳಲ್ಲ ಅಂದ.

"ಆದ್ರೆ ಮೆಲಾಂಕಾ, ಅದಕ್ಕೂ ನಮ್ಮೂರಿಗೂ ಏನು ಸಂಬಂಧ, ನೀನೇ ಹೇಳು."

ನಿನ್ನಪ್ಪನ ಡೈಪರಿಗೂ ತೆರ್ನೋಪಿಲ್ಲಿಗೂ ಏನು ಸಂಬಂಧವೋ ಅದೇ, ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಬಟ್ಟಲನ್ನು ಮಾತ್ರ ಸ್ವಲ್ಪ ಜೋರಾಗಿ ಎತ್ತಿಟ್ಟೆ.

ಸಭೆ ಗೊತ್ತಾಗಿದ್ದು ಗುರುವಾರ ಸಂಜೆ ಏಳಕ್ಕೆ. ಸರಿಯಾಗಿ ನಮ್ಮ ಬಿಡುವು ಮುಗಿಯುವ ಹೊತ್ತು. ನೀವು ಬರದಿದ್ದರೂ ನಾನಿದ್ದೇನೆ ಎಂದು ಮೇಡಂ ಸಮಾಧಾನ ಹೇಳಿದರು. ರಾಯಿಸಾ ಒಪ್ಪಲಿಲ್ಲ. ಹೆತ್ತವಳ ಮುಖ ನೋಡಿಕೊಂಡು ಬೇಡ ಅನ್ನುವುದು ಕಷ್ಟ, ಮುಖವೇ ಇಲ್ಲದಿದ್ದರೆ ಬಲು ಸುಲಭ, ಎಂದಳು. ಮಾತು ನಿಜ. ಆದರೆ ಏಳಕ್ಕೆ ಮನೆ ಸೇರದಿದ್ದರೆ ಮಾರನೆಯ ದಿನ ಕೆಲಸವಿಲ್ಲ. ನಾವೆಲ್ಲ ಚೌಕದ ಕಾರಂಜಿಯ ಕಟ್ಟೆಯ ಮೇಲೆ ಸಪ್ಪೆ ಮೋರೆ ಹಾಕಿಕೊಂಡು ಕುಳಿತೆವು.

ಆಗ ನನಗೆ ಹೊಳೆಯಿತು. ಏಳಕ್ಕೆ ಮುದುಕರ ಹತ್ತಿರ ಇರಬೇಕು ಎಂದು ಕರಾರು. ಮುದುಕರು ಎಲ್ಲಿರಬೇಕು ಎಂದು ಕರಾರಿನಲ್ಲಿ ಎಲ್ಲಿದೆ?

ಆ ಗುರುವಾರ ನಾವು ಯಾರೂ ಬಿಡುವು ತೆಗೆದುಕೊಳ್ಳಲಿಲ್ಲ. ಸಂಜೆ ಒಬ್ಬೊಬ್ಬರನ್ನೂ ತೊಳೆದು, ತಲೆ ಬಾಚಿ, ಶಾಲು ಹೊದಿಸಿ, ಗಾಳಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಮನೆಯವರಿಗೆ ಹೇಳಿ ಹೊರಟೆವು. ಪುರಸಭೆಗೆ ಗಾಲಿಕುರ್ಚಿ ಹತ್ತುವ ಇಳಿಜಾರು ದಾರಿ ಇದೆ. ಅದನ್ನು ಉದ್ಘಾಟಿಸಿ ಫೋಟೊ ತೆಗೆಸಿಕೊಂಡಿದ್ದವರು ಇದೇ ಸದಸ್ಯರು. ಅವತ್ತು ಅದು ಮೊದಲ ಸಲ ಉಪಯೋಗಕ್ಕೆ ಬಂತು. ಮೇಯರ್ ಮಾತು ಶುರು ಮಾಡುವಷ್ಟರಲ್ಲಿ ಸಭಾಂಗಣದ ತುಂಬ ಗಾಲಿಕುರ್ಚಿಗಳು. ಸದಸ್ಯರು ತಲೆ ಎತ್ತಿ ನೋಡಿದರೆ ಎದುರಿಗೆ ಒಬ್ಬನ ತಾಯಿ, ಇನ್ನೊಬ್ಬಳ ಮಾವ. ಮೇಯರ್ ಅವರ ಚಿಕ್ಕಮ್ಮ ಮುಂದಿನ ಸಾಲಿನಲ್ಲಿದ್ದರು. ಅವರು ಇದು ಚರ್ಚು ಎಂದುಕೊಂಡು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಹಾಡು ಶುರು ಮಾಡಿಬಿಟ್ಟರು. ಮುಗಿಯುವವರೆಗೂ ಎಲ್ಲರೂ ಎದ್ದು ನಿಲ್ಲಬೇಕಾಯಿತು.

ಎಲ್ಲರ ನಡುವೆ ರಾಯಿಸಾ, ಒಂದು ಕೈಯಲ್ಲಿ ಔಷಧಿ ಅಂಗಡಿಯ ಮುದುಕಿಯ ಕುರ್ಚಿ, ಇನ್ನೊಂದರಲ್ಲಿ ಸೌತೆಕಾಯಿ ಸಮೇತ ಮಗ. ಪೋಸ್ಟರನ್ನು ಸದಸ್ಯರ ಕಡೆಗೆ ತಿರುಗಿಸಿ ಹಿಡಿದಳು.

ದೊನಾತೆಲ್ಲಾ ಮೇಡಂ ಜಲಯೋಧನ ಬಗ್ಗೆ ಮಾತಾಡಿ ಅತ್ತರು. ಆಮೇಲೆ ಫ್ಲಾವಿಯೊ ಎದ್ದ. ನೋವು, ಸಹಾನುಭೂತಿ, ಪುರಸಭೆಯ ವ್ಯಾಪ್ತಿ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಎಲ್ವಿಯೊ ನನ್ನ ಏಪ್ರನ್ ಎಳೆದು, ಏನಂತೆ ಇವನದು, ಎಂದ. ಅವನ ಕಿವಿಗೆ ಬೀಳಬೇಕಾದರೆ ಕಿರುಚಲೇಬೇಕು, ನನ್ನದೇನು ತಪ್ಪು?

"ಅದಕ್ಕೂ ನಮ್ಮೂರಿಗೂ ಏನು ಸಂಬಂಧ ಅಂತಿದಾನೆ," ಎಂದು ಕಿರುಚಿದೆ.

ಸದಸ್ಯರೆಲ್ಲ ನಮ್ಮತ್ತ ತಿರುಗಿದರು. ಮುದುಕ ಪೋಸ್ಟರನ್ನೂ ಮಗನನ್ನೂ ನೋಡಿದ. ಅವನ ಮಲಗುವ ಕೋಣೆಯಲ್ಲಿ ಟೋಪಿಗೆ ಗರಿ ಸಿಕ್ಕಿಸಿಕೊಂಡ ಸೈನಿಕನೊಬ್ಬನ ಫೋಟೊ ಇದೆ. ನಾನು ವಾರಕ್ಕೊಮ್ಮೆ ಧೂಳು ಒರೆಸುತ್ತೇನೆ. ಯಾರೆಂದು ಕೇಳಿದರೆ ಇಷ್ಟು ದಿನ ಉತ್ತರ ಬಂದಿರಲಿಲ್ಲ.

"ಈ ಮಾತು ನಂಗೊತ್ತು," ಎಂದ ಎಲ್ವಿಯೊ. ಕಿವುಡನಾದ್ದರಿಂದ ಅವನ ಮಾತು ಬೀದಿಗೂ ಕೇಳಿಸುವಂತಿತ್ತು. "ಇದೇ ಕಟ್ಟಡ. ನಾನು ಸಣ್ಣವನಿದ್ದಾಗ, ಎರಡನೇ ಮಹಾಯುದ್ಧದಲ್ಲಿ, ನಮ್ಮಪ್ಪನ್ನ ರಷ್ಯಾ ಮೇಲೆ ಯುದ್ಧಕ್ಕೆ ಕಳಿಸಿದ್ರು, ದೊನ್ ನದಿ ಹತ್ರ. ವಾಪಸ್ ಬರಲಿಲ್ಲ. ಸತ್ತ ಅಂತಾನೂ ಹೇಳಲಿಲ್ಲ. ನಮ್ಮಮ್ಮ ನನ್ನ ಕೈ ಹಿಡ್ಕೊಂಡು ಇಲ್ಲಿಗೆ ಬಂದು ಬಂದು ಕೇಳೋಳು. ಆ ಕುರ್ಚೀಲಿ ಕೂತಿದ್ದ ನಿನ್ನಂಥ ಬಡ್ಡೀಮಗ ಏನಂದ ಗೊತ್ತಾ? ಅಷ್ಟು ದೂರದ್ದಕ್ಕೂ ನಮ್ಮೂರಿಗೂ ಏನಮ್ಮ ಸಂಬಂಧ ಅಂದ."

ಮಗನ ಕಡೆಗೆ ಬೆರಳು ಚಾಚಿದ.

"ಅಮ್ಮ ಸಾಯೋ ತನಕ ಬಾಗಿಲಿಗೆ ಚಿಲಕ ಹಾಕಲಿಲ್ಲ ಕಣೋ. ಫ್ಲಾವಿಯೊ, ಕೈ ಎತ್ತು."

ಫ್ಲಾವಿಯೊ ಕೆಂಪಗಾಗಿ, ಅಪ್ಪಾ, ಇನ್ನೂ ಮತಕ್ಕೆ ಹಾಕಿಲ್ಲ, ಅಂದ.

"ಹಾಗಾದ್ರೆ ಬೇಗ ಹಾಕಿ. ನಂಗೆ ಉಚ್ಚೆ ಬರ್ತಿದೆ."

ಮೇಯರ್ ತಕ್ಷಣ ಮತಕ್ಕೆ ಹಾಕಿದರು. ಫ್ಲಾವಿಯೊನ ಕೈ ಎಲ್ಲರಿಗಿಂತ ಮೊದಲು ಎದ್ದಿತು, ಅವನನ್ನು ನೋಡಿ ಬೇಡ ಅನ್ನಬೇಕೆಂದಿದ್ದವರ ಕೈಗಳೂ ಎದ್ದವು. ಮುದುಕ ಹೇಳಿದ್ದನ್ನು ನಾನು ರಾಯಿಸಾಗೆ ನಮ್ಮ ಭಾಷೆಯಲ್ಲಿ ಬಾಗಿಲಿನ ಚಿಲಕದವರೆಗೂ ಹೇಳಿದೆ. ಅವಳು ಎಲ್ವಿಯೊನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅವನ ಮಂಡಿಗೆ ಹಣೆ ಹಚ್ಚಿದಳು. ಇವಳನ್ನು ಎಬ್ಬಿಸು, ನಾನು ಹೋಗಬೇಕು, ಎಂದು ಅವನು ನನ್ನನ್ನು ಗದರಿದ.

ಮುಂದಿನ ಭಾನುವಾರ ಸಮಾರಂಭ. ಬ್ಯಾಂಡು, ಬಾವುಟ, ಗೋಡೆಗೆ ಫಲಕ. ಫ್ಲಾವಿಯೊ ಹೊಸ ಸೂಟು ಹಾಕಿ, ಈ ಊರಿನಲ್ಲೇ ಇದನ್ನು ಮೊದಲು ಯೋಚಿಸಿದವನು ತಾನು ಎಂಬಂತೆ ಓಡಾಡುತ್ತಿದ್ದ. ದೊಡ್ಡ ಹೂಗುಚ್ಛ ತಂದು ರಾಯಿಸಾಳ ಕೈಗಿಟ್ಟ. ಕೆಂಪು ಗುಲಾಬಿ, ಒಂದು ಡಜನ್.

ನಮ್ಮ ಹೆಂಗಸರಿಗೆ ಹೂವು ಎಣಿಸಲು ಬೆರಳು ಬೇಕಿಲ್ಲ. ಜೀವಂತ ಇರುವವರಿಗೆ ಬೆಸ, ಗೋರಿಗೆ ಸಮ. ಆಡುವ ಮಗುವಿಗೂ ಗೊತ್ತಿರುವ ವಿಷಯ. ಹೂಗುಚ್ಛ ನೋಡುತ್ತಲೇ ರಾಯಿಸಾಳ ಮುಖ ಬಿಳಿಚಿಕೊಂಡಿತು. ಮಗನ ಫಲಕದ ಕೆಳಗೆ, ಬ್ಯಾಂಡಿನ ಎದುರು, ಸತ್ತವನ ಹೂವು ಹಿಡಿದು ನಿಂತಿದ್ದಳು. ಫ್ಲಾವಿಯೊ ಹಲ್ಲು ಕಿರಿಯುತ್ತಿದ್ದ, ಕ್ಯಾಮೆರಾಗಳು ಮಿಂಚುತ್ತಿದ್ದವು. ಹಾಳಾಗಿ ಹೋಗಲಿ ಮರ್ಯಾದೆ ಅಂದುಕೊಂಡು ನಾನು ನುಗ್ಗಿ ಒಂದು ಗುಲಾಬಿಯನ್ನು ಕಿತ್ತೆ. ಕಾಗದ ಹರಿಯಿತು, ಮುಳ್ಳು ಚುಚ್ಚಿತು. ಕಿತ್ತದ್ದನ್ನು ಎಲ್ಲಿಡುವುದು ತಿಳಿಯದೆ ಎಲ್ವಿಯೊನ ಕೋಟಿಗೆ ಸಿಕ್ಕಿಸಿದೆ. ಉಕ್ರೇನಿನವರಿಗೆ ಹೂವು ಕಂಡರೆ ತಡೆಯಲು ಆಗುವುದಿಲ್ಲ ಎಂದು ಜನ ನಕ್ಕರು. ರಾಯಿಸಾಳ ಮುಖಕ್ಕೆ ಮತ್ತೆ ರಕ್ತ ಬಂತು, ನನಗೆ ಅಷ್ಟು ಸಾಕಾಗಿತ್ತು.

ಮನೆಯಲ್ಲಿ ಮುದುಕ ಇದೇನು ನಿನ್ನ ಕೋತಿಯಾಟ ಎಂದು ಕೇಳಿದ. ಸಮ ಬೆಸದ ಕಥೆ ಅವನ ಕಿವಿಗೆ ಕೂಗಿ ಹೇಳಿದೆ. ಕೋಟಿನ ಗುಲಾಬಿಯನ್ನು ತೆಗೆದು ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

"ನಾಳೆ ಪೇಟೆಗೆ ಹೋದಾಗ ಇನ್ನೊಂದು ತಾ," ಎಂದ. "ನಮ್ಮಪ್ಪನ ಫೋಟೊಗೆ ಎರಡಿಡೋಣ. ಸಾಕು ಕಾದಿದ್ದು."

ತಂದು ಇಟ್ಟೆ. ಆ ದಿನ ಅವನು ಯಾರನ್ನೂ ಬಯ್ಯಲಿಲ್ಲ, ನನಗೆ ಹೆದರಿಕೆಯೇ ಆಯಿತು.

ಮೇಯರ್ ಕಾಗದ ಬರೆದರು, ಉತ್ತರವಿಲ್ಲ. ಮತ್ತೆ ಬರೆದರು. ಬೇಸಿಗೆ ಕಳೆಯಿತು. ನಾವು ಗುರುವಾರ ತಪ್ಪಿಸಲಿಲ್ಲ. ಕಾಗದ ಬರೆದರೆ ಜೈಲಿನ ಬಾಗಿಲು ತೆರೆಯುತ್ತದೆಯೇ ಎಂದು ಕಾಫಿ ಅಂಗಡಿಯಲ್ಲಿ ಗಂಡಸರು ಕಿಚಾಯಿಸುತ್ತಿದ್ದರು. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ನಿಂತಿರುತ್ತಿದ್ದೆವು. ಒಳಗೊಳಗೆ ನನಗೂ ಅದೇ ಅನುಮಾನ. ರಾಯಿಸಾ ಸೊರಗುತ್ತಿದ್ದಳು.

ಶರತ್ಕಾಲದ ಒಂದು ಗುರುವಾರ ಚೌಕದಲ್ಲೇ ಅವಳ ಫೋನ್ ಗುನುಗಿತು. ಹೊಸದಾಗಿ ಬಿಡುಗಡೆಯಾದ ಇನ್ನೊಬ್ಬ, ಟ್ರ್ಯಾಕ್ಟರ್ ಓಡಿಸುವವನು. ನಾನೇ ಫೋನನ್ನು ಎಲ್ಲರಿಗೂ ಕೇಳಿಸುವಂತೆ ಹಿಡಿದೆ. ಅವನು ಹೇಳಿದ್ದು ಇಷ್ಟು. ಒಂದು ದಿನ ಜೈಲಿನ ಅಧಿಕಾರಿ ಕೋಣೆಗೆ ಬಂದು ರುಸ್ಲಾನನನ್ನು ಎಬ್ಬಿಸಿ ನಿಲ್ಲಿಸಿದನಂತೆ. ಇಟಲಿಯಲ್ಲಿ ನಿನಗೆ ಯಾರಿದ್ದಾರೆ, ಅಲ್ಲಿಯ ಒಂದು ಊರಿಗೆ ಊರೇ ನಿನ್ನನ್ನು ಏಕೆ ಕೇಳುತ್ತಿದೆ, ಎಂದನಂತೆ.

"ಅದಕ್ಕೆ ಇವನು," ಎಂದು ಟ್ರ್ಯಾಕ್ಟರಿನವನು ನಗು ತಡೆದುಕೊಂಡ, "ಗೊತ್ತಿಲ್ಲ ಸಾರ್, ನಲ್ಲಿ ಕೆಟ್ಟಿರಬೇಕು, ಅಂದ."

ಅದಕ್ಕೊಂದು ಕಪಾಳಕ್ಕೆ ಬಿತ್ತಂತೆ. ಒಂದೇ. ಮೊದಲಾಗಿದ್ದರೆ ಅಷ್ಟಕ್ಕೆ ಬಿಡುತ್ತಿರಲಿಲ್ಲ ಅಮ್ಮಾ, ಎಂದ ಅವನು.

ರಾಯಿಸಾ ಕಾರಂಜಿಯ ಕಟ್ಟೆಯ ಮೇಲೆ ಕುಸಿದಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು, ಕಣ್ಣಿನಲ್ಲಿ ಮೂಗಿನಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು. ಅವನೇ, ಇದು ಅವನೇ, ಬೇರೆ ಯಾರೂ ಅಲ್ಲ, ಎನ್ನುತ್ತಿದ್ದಳು.

ಅಂಗಡಿ ಮುಚ್ಚಿ ಆ ದಾರಿಯಲ್ಲಿ ಬಂದ ಫ್ಲಾವಿಯೊ ಏನಾಯಿತು ಎಂದು ಗಾಬರಿಯಿಂದ ಕೇಳಿದ. ಹೇಳಿದೆ. ಪೋಸ್ಟರನ್ನು ಒಮ್ಮೆ ನೋಡಿದ. ಆಮೇಲೆ, ನಮ್ಮೂರಿನ ನಲ್ಲಿಗಳೆಲ್ಲ ನನ್ನ ಅಂಗಡಿಯವು, ಹತ್ತು ವರ್ಷ ಗ್ಯಾರಂಟಿ, ಅವು ಕೆಡುವುದಿಲ್ಲ ಎಂದು ಹೇಳು, ಅಂದ. ನಾನು ಅದನ್ನೂ ರಾಯಿಸಾಗೆ ಅನುವಾದ ಮಾಡಿದೆ.

"ಅದನ್ನ ಅವನೇ ಬಂದು ನೋಡಿ ಹೇಳ್ಲಿ," ಎಂದಳು ಅವಳು.

ಎದ್ದು, ತೋಳಿನಿಂದ ಮೂಗು ಒರೆಸಿಕೊಂಡು, ಅದೇ ತೋಳಿನಿಂದ ಪೋಸ್ಟರಿನ ಸೌತೆಕಾಯಿಯನ್ನೂ ಒರೆಸಿ, ಮಗನನ್ನು ಮತ್ತೆ ಎತ್ತಿ ಹಿಡಿದಳು. ಇನ್ನೂ ಏಳಾಗಿರಲಿಲ್ಲ.