ಪೂಜೆಗೆ ಕೂತ ಗಾಲಿ

ನಾನು ಒಂದು ಹಬ್ಬು. ಸೈಕಲ್ಲಿನ ಹಿಂದಿನ ಗಾಲಿಯ ನಟ್ಟನಡುವೆ ಇರುವವನು. ಗಾಲಿಯ ಕಡ್ಡಿಗಳೆಲ್ಲ ಬಂದು ಸೇರುವುದು ನನ್ನ ಎರಡು ಕಿವಿಗಳಿಗೆ, ಗೇರಿನ ಹಲ್ಲುಚಕ್ರಗಳು ಕೂರುವುದು ನನ್ನ ಬಲಹೆಗಲ ಮೇಲೆ, ಸವಾರರ ಭಾರವೆಲ್ಲ ಬೀಳುವುದು ನನ್ನ ಹೊಟ್ಟೆಯೊಳಗಿನ ಗುಂಡುಗಳ ಮೇಲೆ. ಆದರೂ ಸೈಕಲ್ ನೋಡಲು ಬಂದವರು ಯಾರಾದರೂ ಬಗ್ಗಿ ನನ್ನ ಕಡೆ ಕಣ್ಣು ಹಾಯಿಸಿದ್ದುಂಟೇ? ಬಣ್ಣ ನೋಡುತ್ತಾರೆ, ಸೀಟು ಒತ್ತುತ್ತಾರೆ, ಗಂಟೆ ಬಾರಿಸುತ್ತಾರೆ. ಬಹಳ ತಿಳಿದವರಾದರೆ ಗೇರು ಎಷ್ಟೆಂದು ಎಣಿಸುತ್ತಾರೆ. ಆ ಎಣಿಕೆಯ ಹುಚ್ಚಿನಿಂದ ನನಗಾದ ಅವಮಾನವನ್ನು ಹೇಳಿಕೊಳ್ಳದೆ ತುಕ್ಕು ಹಿಡಿಯಲು ನನಗೆ ಮನಸ್ಸಿಲ್ಲ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಲ್ಯೂಮಿನಿಯಂ ಕಾಯಿಸಿ ಅಚ್ಚಿಗೆ ಸುರಿದರು, ಲೇತಿಗೆ ಕಟ್ಟಿ ಸುತ್ತಲೂ ಕೆರೆದರು, ಕಿವಿಗಳಿಗೆ ಸಾಲಾಗಿ ತೂತು ಕೊರೆದರು. ಕಿವಿ ಚುಚ್ಚಿಸಿಕೊಂಡ ಮಗುವಿನ ಬಾಯಿಗೆ ಬೆಲ್ಲವಾದರೂ ಬೀಳುತ್ತದೆ. ನನ್ನನ್ನು ರದ್ದಿ ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಎಸೆದರು.

ಪೆಟ್ಟಿಗೆ ಬಂದು ಇಳಿದದ್ದು ವಿಜಯಪುರದ ಕಡೆಯ ಒಂದು ಊರಿನಲ್ಲಿ, ಮೌನೇಶಪ್ಪ ಬಡಿಗೇರನ ಸೈಕಲ್ ಅಂಗಡಿಯಲ್ಲಿ. ಅವನ ಹಿರಿಯರು ಚಕ್ಕಡಿಯ ಗಾಲಿ ಮಾಡುತ್ತಿದ್ದವರು. ಆ ಸೀಮೆಯಲ್ಲಿ ಸೈಕಲ್ ರೇಸೆಂದರೆ ಜನ ಮರ ಹತ್ತಿ ನಿಂತು ನೋಡುತ್ತಾರೆ. ಅವನು ನನಗೆ ಕಡ್ಡಿ ಹೆಣೆದು, ಆರು ಗೇರು ಕೂರಿಸಿ, ರೇಸ್ ಸೈಕಲ್ಲೊಂದಕ್ಕೆ ಏರಿಸಿದ. ಆ ಸೈಕಲ್ ಏರಿದವಳು ಸುಶೀಲಾ. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ.

ಸುಶೀಲಾಳಂಥ ಸವಾರಳನ್ನು ನಾನು ಮತ್ತೆ ನೋಡಲಿಲ್ಲ. ಅವಳು ನನ್ನ ಸದ್ದು ಕೇಳಿಯೇ ನನಗೆ ಎಲ್ಲಿ ನೋಯುತ್ತಿದೆ ಎಂದು ತಿಳಿಯುತ್ತಿದ್ದಳು. ಕಡ್ಡಿ ಬಿಗಿಯುವ ಪುಟ್ಟ ಕೀಲಿಯೊಂದನ್ನು ಮೌನೇಶಪ್ಪನಿಂದಲೇ ಕೊಂಡು, ಸಂಜೆ ಅಂಗಳದಲ್ಲಿ ಸೈಕಲ್ ಮಗುಚಿ ಹಾಕಿ, ಗಾಲಿ ತಾನೇ ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ನಾವಿಬ್ಬರೂ ಸೇರಿ ಗೆದ್ದ ಕಪ್ಪುಗಳು ಅವಳ ತವರಿನ ಗೋಡೆಯ ಮಾಡದಲ್ಲಿ ಹಿಡಿಸದಷ್ಟಾದವು.

ಆಮೇಲೆ ಅವಳ ಮದುವೆಯಾಯಿತು. ಅದೇ ಊರಿನ ಗುರುಪಾದಪ್ಪನ ಮನೆಗೆ ಅವಳ ಸಾಮಾನಿನ ಜೊತೆ ನಾನೂ ಬಂದೆ. ಬಂದ ವಾರದೊಳಗೇ ಅವಳ ಅತ್ತೆ, ಸೊಸೆ ಸೈಕಲ್ ಹೊಡೆದರೆ ಊರು ಏನಂದೀತು ಎಂದಳು. ಗುರುಪಾದಪ್ಪ ಎರಡನೆಯ ಮಾತಾಡದೆ ಗೋಡೆಗೆ ಒಂದು ಗೂಟ ಬಡಿದು ಸೈಕಲ್ ತೂಗುಹಾಕಿದ. ಅವನೇನೂ ಕೆಟ್ಟವನಲ್ಲ. ಕೆಟ್ಟವನಲ್ಲದವನೂ ಇಷ್ಟು ಸುಲಭವಾಗಿ ಗೂಟ ಬಡಿದುಬಿಡುತ್ತಾನಲ್ಲಾ ಎಂಬುದೇ ನನ್ನ ಸಿಟ್ಟು. ವರ್ಷಗಟ್ಟಲೆ ನನ್ನ ಕಡ್ಡಿಗಳಿಗೆ ಜರಡಿ ಸಿಕ್ಕಿಸಿದರು, ಮೆಣಸಿನಕಾಯಿ ಚೀಲ ಕಟ್ಟಿದರು. ಸುಶೀಲಾ ಕಸ ಗುಡಿಸುತ್ತ ಬಂದಾಗ ಯಾರೂ ಇಲ್ಲದಿದ್ದರೆ ಒಂದು ಸಲ ಗಾಲಿ ತಿರುಗಿಸಿ ಕಿವಿಗೊಟ್ಟು ನಿಲ್ಲುತ್ತಿದ್ದಳು.

ನನ್ನನ್ನು ಗೂಟದಿಂದ ಇಳಿಸಿದ್ದು ಅವಳ ಮಗಳು ಶಿವಲೀಲಾ. ಆ ಹುಡುಗಿಗೆ ತಾಯಿಯ ಕಾಲೇ ಬಂದಿತ್ತು. ಸುತ್ತಲಿನ ಊರುಗಳ ರೇಸುಗಳಲ್ಲಿ ಅವಳ ಹೆಸರು ಓಡಾಡತೊಡಗಿತು. ಅಷ್ಟರಲ್ಲಿ ದಸರೆಯ ರೇಸು ಬಂತು. ಅದರಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಓದೂ ಅಲ್ಲೇ, ತರಬೇತಿಯೂ ಅಲ್ಲೇ. ಗುರುಪಾದಪ್ಪ ಊಟಕ್ಕೆ ಕೂತು ತನ್ನ ತೀರ್ಮಾನ ಹೇಳಿದ.

"ಈ ಸಲ ಆತಂದ್ರ ಹಾಸ್ಟೆಲಿಗೆ ಕಳಸ್ತೀನಿ. ಆಗಲಿಲ್ಲಂದ್ರ ಸೈಕಲ್ ಗೂಟಕ್ಕ ಹಾಕೂದು, ಬಂದ ವರನ್ನ ನೋಡೂದು. ಆಮ್ಯಾಲ ಅಳಬಾರ್ದು."

ಶಿವಲೀಲಾ ಅಳಲಿಲ್ಲ, ಗೂಟದ ಕಡೆ ಒಮ್ಮೆ ನೋಡಿದಳು ಅಷ್ಟೆ. ಸುಶೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

ಇಲ್ಲಿ ನಡುವೆ ಬಾಯಿ ಹಾಕಿದವನು ಸುಶೀಲಾಳ ತಮ್ಮ ಶ್ರೀಶೈಲ. ಬೀಜ ಗೊಬ್ಬರದ ಅಂಗಡಿಯವನು. ಜೀವಮಾನದಲ್ಲಿ ಒಂದು ರೇಸೂ ಓಡಿದವನಲ್ಲ, ಆದರೆ ಅವನಿಗೆ ಗೊತ್ತಿಲ್ಲದ ರೇಸಿಲ್ಲ. "ಎಲ್ಲಾರೂ ಎಂಟು, ಹತ್ತು ಗೇರ್ ತರ್ತಾರ, ನಮ್ಮ ಹುಡುಗಿ ಆರ ಗೇರ್ ಇಟ್ಕೊಂಡು ಅವರ ಮುಂದ ನಿಂದ್ರೂದಾ? ಮರ್ಯಾದಿ ಪ್ರಶ್ನಿ ಅಕ್ಕಾ," ಎಂದ. ಸೊಲ್ಲಾಪುರಕ್ಕೆ ಹೋಗಿ ಎಂಟು ಚಕ್ರದ ಗೇರ್ ಸೆಟ್ಟು ತಂದೇ ಬಿಟ್ಟ. ಆರು ಗೇರಿನಲ್ಲಿ ಗೆಲ್ಲುತ್ತಿದ್ದವಳಿಗೆ ಎಂಟು ಯಾಕೆ ಎಂದು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. ನನ್ನನ್ನಂತೂ ಯಾರು ಕೇಳುತ್ತಾರೆ?

ಎಂಟು ಚಕ್ರ ಆರಕ್ಕಿಂತ ಅಗಲ. ಅದು ನನ್ನ ಹೆಗಲ ಮೇಲೆ ಕೂರಬೇಕಾದರೆ ನನ್ನ ಹೊಟ್ಟೆಯೊಳಗೆ ಹಾಯುವ ಅಚ್ಚಿನ ಸರಳು ಕಿತ್ತು ಉದ್ದದ್ದು ಹಾಕಬೇಕು, ಬಲಗಡೆ ವಾಷರು ಪೇರಿಸಬೇಕು, ನನ್ನನ್ನು ಹಿಡಿದಿರುವ ಸೈಕಲ್ಲಿನ ಹಿಂಗಾಲು ಎರಡನ್ನೂ ಅಷ್ಟಿಷ್ಟು ಅಗಲಿಸಬೇಕು. ಇಷ್ಟಾದರೆ ನಾನು ಎಡಕ್ಕೆ ಸರಿಯುತ್ತೇನೆ. ನಾನು ಸರಿದರೆ ಗಾಲಿಯೂ ನನ್ನ ಜೊತೆ ಸರಿಯುತ್ತದೆ. ಆಗ ಬಲಗಡೆಯ ಕಡ್ಡಿ ಬಿಗಿದು, ಎಡಗಡೆಯದು ಸಡಿಲಿಸಿ, ಗಾಲಿಯನ್ನು ಎಳೆದು ನಡುಮಧ್ಯಕ್ಕೆ ತರಬೇಕು. ಇದು ಕೊನೆಯ ಕೆಲಸ, ಮುಖ್ಯವಾದ ಕೆಲಸವೂ ಇದೇ.

ಶ್ರೀಶೈಲ ಇದಕ್ಕೆಲ್ಲ ಆರಿಸಿಕೊಂಡ ದಿನ ಯಾವುದು ಎಂದರೆ ರೇಸಿನ ಹಿಂದಿನ ದಿನ, ಖಂಡೇ ಪೂಜೆಯ ದಿನ. ಅವತ್ತು ಮನೆಯ, ಅಂಗಡಿಯ ಆಯುಧಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ. ಕುಂಕುಮ ಬಿದ್ದ ಆಯುಧವನ್ನು ಮರುದಿನ ಬನ್ನಿ ಮುಡಿದು ಬರುವವರೆಗೆ ಯಾರೂ ಎತ್ತುವಂತಿಲ್ಲ. ಓಡುವ ಗಾಡಿ, ಸೈಕಲ್ಲುಗಳಿಗೆ ಮಾತ್ರ ಆ ಕಟ್ಟಿಲ್ಲ. ಮೌನೇಶಪ್ಪ ಬೆಳಿಗ್ಗೆಯೇ ಕೆಲಸ ಹಿಡಿದ. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ ಶ್ರೀಶೈಲ, ಹಾಗಲ್ಲ ಹೀಗೆ ಎಂದು ತಲೆ ತಿನ್ನುತ್ತ ಹೊತ್ತು ಕಳೆದ. ಅಚ್ಚು ಕೂತಿತು, ಗೇರು ಕೂತಿತು. ಇನ್ನು ಕಡ್ಡಿ ಎಳೆಯುವುದಷ್ಟೇ ಎಂದು ಮೌನೇಶಪ್ಪ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ, ಅವನ ವಯಸ್ಸಾದ ತಾಯಿ ಪಾನಾ, ಇಕ್ಕಳ, ಸುತ್ತಿಗೆಯ ಜೊತೆ ಕಡ್ಡಿ ಕೀಲಿಯನ್ನೂ ತೊಳೆದು ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಮುಗಿಸಿದ್ದಳು.

ನನ್ನನ್ನೂ ಬಿಡಲಿಲ್ಲ. ಮೈಗೆ ವಿಭೂತಿ ಎಳೆದು, ಕಡ್ಡಿಗಳ ಸಂದಿಗೆ ಚೆಂಡುಹೂ ತುರುಕಿ ಕೈಮುಗಿದರು. ಅರ್ಧ ಕೆಲಸ ಮಾಡಿ ಸೊಟ್ಟಗೆ ಕೂರಿಸಿ ನನಗೇ ಕೈಮುಗಿಯುವುದು ಯಾವ ಭಕ್ತಿ? ಬಾಯಿದ್ದರೆ ಅಲ್ಲೇ ಬೈದುಬಿಡುತ್ತಿದ್ದೆ.

ಮಧ್ಯಾಹ್ನ ತಾಯಿ ಮಗಳು ಸೈಕಲ್ ಒಯ್ಯಲು ಬಂದರು. ಶಿವಲೀಲಾ ಗಾಲಿ ತಿರುಗಿಸಿದಳು. ಅದು ಎಡಗಡೆಯ ಬ್ರೇಕಿಗೆ ಒರಗಿ ಅರ್ಧ ಸುತ್ತಿಗೇ ನಿಂತಿತು.

"ಹೊಸಾದು ನೋಡು, ತಿರಗತ ತಿರಗತ ಸರಿ ಆಗ್ತೈತಿ," ಎಂದ ಶ್ರೀಶೈಲ.

"ಇಲ್ಲ ತಂಗಿ," ಎಂದು ಮೌನೇಶಪ್ಪ ಸುಶೀಲಾಳಿಗೆ ಹೇಳಿದ. "ಕಡ್ಡಿ ಎಳಿಯೂದು ಬಾಕಿ ಉಳದೈತಿ. ನಾಳೆ ಸಂಜಿಮುಂದ ಬನ್ನಿ ಮುಡದ ಕೂಡ್ಲೆ ಮಾಡಿಕೊಡ್ತೀನಿ."

"ರೇಸ್ ಮುಂಜಾನೆ ಐತ್ರಿ ಕಾಕಾ," ಎಂದಳು ಶಿವಲೀಲಾ.

"ಗೊತ್ತೈತವ್ವಾ. ತಪ್ಪು ನಂದ. ಆದ್ರ ಪೂಜಾಕ್ಕ ಕುಂತ ಆಯುಧ ಎತ್ತಾಕ ನನ್ನ ಕೈ ಬರಂಗಿಲ್ಲ."

ಊರಿನ ಉಳಿದ ಅಂಗಡಿಗಳಲ್ಲೂ ಅದೇ ಕಥೆ. ಸುಶೀಲಾ ಹಿಂದಿನ ಗಾಲಿ ಎತ್ತಿ ಹಿಡಿದು ಸೈಕಲ್ ನಡೆಸಿಕೊಂಡು ಮನೆಗೆ ತಂದಳು.

ಗುರುಪಾದಪ್ಪ ಕಟ್ಟೆಯ ಮೇಲೆ ಕೂತಿದ್ದ. ಎಲ್ಲ ಕೇಳಿ, "ದೇವರಿಗೇ ಮನಸಿಲ್ಲ ಅಂದ್ರ ನಾವೇನ್ ಮಾಡೂದು," ಎಂದ. ದೇವರ ಹೆಸರು ಹೇಳಿದಾಗ ಅವನ ದನಿಯಲ್ಲಿ ಸಂಕಟಕ್ಕಿಂತ ನಿರಾಳವೇ ಹೆಚ್ಚಿತ್ತು. ನನಗೆ ಮೈಯೆಲ್ಲ ಉರಿಯಿತು.

ಸುಶೀಲಾ ಒಳಗೆ ಹೋಗಿ ಸೂಜಿ ದಾರದ ಡಬ್ಬಿ ತಂದಳು. ಗುಂಡಿ, ದಾರದ ಉಂಡೆಗಳ ತಳದಲ್ಲಿ ಕೈಯಾಡಿಸಿ ಆ ಪುಟ್ಟ ಕೀಲಿ ಹೊರಗೆ ತೆಗೆದಳು. ಅದನ್ನು ನೋಡಿ ನನಗೆ ಅಳು ಬರುವಂತಾಯಿತು.

"ಇವತ್ತ ಆಯುಧ ಮುಟ್ಟಬಾರ್ದು," ಎಂದ ಗುರುಪಾದಪ್ಪ.

"ಮುಂಜಾನೆ ಮನ್ಯಾಗಿನ ಆಯುಧ ಎಲ್ಲಾ ನೀವ ಆರಿಸಿ ಪೂಜಾಕ್ಕ ಇಟ್ರಿ. ಕುಡಗೋಲು, ಕೊಡ್ಲಿ, ಈಳಿಗಿ, ನಿಮ್ಮ ಮೋಟಾರ್ ಸೈಕಲ್ ಪಾನಾ. ನಿನ್ನದೇನರ ಐತೇನು ಅಂತ ನನ್ನ ಕೇಳಿದ್ರೇನು? ಇಪ್ಪತ್ತು ವರ್ಷ ಆತು, ಒಮ್ಮಿನೂ ಕೇಳಿಲ್ಲ. ಇದಕ್ಕ ಕುಂಕುಮ ಬಿದ್ದಿಲ್ಲ. ಇದು ಆಯುಧ ಅಂತ ಈ ಮನ್ಯಾಗ ಯಾರಿಗೂ ಗೊತ್ತ ಇಲ್ಲ."

 ಅವರ ಹಿಂದೆಯೇ ಬಂದು ಕಟ್ಟೆಯ ಮೇಲೆ ಕೂತಿದ್ದ ಶ್ರೀಶೈಲ ತನಗೆ ಅಂಗಡಿಯಲ್ಲಿ ಕೆಲಸವಿದೆ ಎಂದು ಎದ್ದು ಹೋದ.

ಅವಳು ಸೆರಗು ಸಿಕ್ಕಿಸಿ ಅಂಗಳದಲ್ಲಿ ಸೈಕಲ್ ಮಗುಚಿದಳು. ಹೂ ಕಿತ್ತು ಬದಿಗಿಟ್ಟಳು. ರಿಮ್ಮಿನ ಎಡಕ್ಕೊಂದು, ಬಲಕ್ಕೊಂದು ಬೆರಳಿಟ್ಟು ಅಂತರ ನೋಡಿದಳು. ಬಲಗಡೆ ಬಿಗಿದಳು, ಎಡಗಡೆ ಸಡಿಲಿಸಿದಳು, ತಿರುಗಿಸಿ ಮತ್ತೆ ನೋಡಿದಳು. ಜಡ್ಡುಗಟ್ಟಿದ ಕಡ್ಡಿಗಳಿಗೆ ಕೊಬ್ಬರಿ ಎಣ್ಣೆ ಬಿಟ್ಟಳು. ಬಲಗಿವಿ ಹರಿದೇ ಹೋಗುತ್ತದೇನೋ ಎನ್ನುವಷ್ಟು ನೋವಾಯಿತು ನನಗೆ. ತಡೆದುಕೊಂಡೆ. ಶಿವಲೀಲಾ ಪಕ್ಕದಲ್ಲಿ ಕೂತು ತಾಯಿಯ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡುತ್ತಿದ್ದಳು. ಹೊತ್ತು ಮುಳುಗುವ ಮೊದಲು ಗಾಲಿ ನಡುವಿಗೆ ಬಂದು ಸದ್ದಿಲ್ಲದೆ ತಿರುಗಿತು.

ಮರುದಿನ ನಾವು ಎರಡನೆಯವರಾಗಿ ಬಂದೆವು. ಸೇತುವೆಯ ಏರಿನಲ್ಲಿ ಹೊಸ ಸೆಟ್ಟಿನ ದೊಡ್ಡ ಚಕ್ರ ಕೆಲಸಕ್ಕೆ ಬಂತು. ಅದನ್ನು ನಾನು ಮುಚ್ಚಿಡುವುದಿಲ್ಲ. ಉಳಿದ ದಾರಿಯನ್ನೆಲ್ಲ ಶಿವಲೀಲಾ ಹಳೆಯ ಆರು ಗೇರಿನ ಲೆಕ್ಕದಲ್ಲೇ ಓಡಿದಳು. ಹಾಸ್ಟೆಲಿನ ಜಾಗ ಸಿಕ್ಕಿತು. ಶ್ರೀಶೈಲ ಸಿಕ್ಕವರಿಗೆಲ್ಲ, ಎಂಟು ಗೇರ್ ಹಾಕ್ಸಿದ್ದಕ್ಕ ಆತು ನೋಡ್ರಿ ಎಂದು ಹೇಳುತ್ತ ಪೇಡೆ ಹಂಚಿದ. ಪೇಡೆ ತಿಂದವರು ತಲೆಯಾಡಿಸಿದರು. ಕೀಲಿಯ ವಿಷಯ ಯಾರಿಗೂ ತಿಳಿಯಲಿಲ್ಲ.

ಶಿವಲೀಲಾಳಿಗೆ ಹಾಸ್ಟೆಲಿನಲ್ಲಿ ಹೊಸ ಸೈಕಲ್ ಕೊಟ್ಟರು. ನಾನು ಮನೆಗೆ ಬಂದೆ. ಗೂಟಕ್ಕೇ ಹೋಗುತ್ತೇನೆಂದು ತಿಳಿದಿದ್ದೆ. ಆದರೆ ಸುಶೀಲಾ ಗೂಟ ಕಿತ್ತು ಆ ತೂತಿಗೆ ಮಣ್ಣು ಮೆತ್ತಿದ್ದಳು. ಈಗ ಅವಳು ನನ್ನ ಮೇಲೇ ಸಂತೆಗೆ ಹೋಗುತ್ತಾಳೆ, ಬೆಳಿಗ್ಗೆ ಕಾಲುವೆಯ ದಾರಿಯಲ್ಲಿ ಸುಮ್ಮನೆ ಒಂದು ಸುತ್ತು ಹೊಡೆಯುತ್ತಾಳೆ. ಊರು ಏನೋ ಅಂದಿತು, ಅಂದು ಸುಮ್ಮನಾಯಿತು. ಅಷ್ಟಕ್ಕೆ ಹೆದರಿ ನಾವು ಎಷ್ಟು ವರ್ಷ ಜರಡಿ ಹೊತ್ತೆವು ಎಂದು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ನನ್ನ ಗುಂಡುಗಳು ಸವೆದಿವೆ. ಏರಿನಲ್ಲಿ ನರಳುತ್ತೇನೆ. ಅವಳ ಮೊಣಕಾಲೂ ನರಳುತ್ತದೆ.

ಮುಂದಿನ ವರ್ಷ ಖಂಡೇ ಪೂಜೆಯ ದಿನ ಗುರುಪಾದಪ್ಪ ಕುಂಕುಮದ ತಟ್ಟೆ ಹಿಡಿದು ಅವಳ ಹತ್ತಿರ ತಾನೇ ಬಂದ. ತುಸು ನಾಚಿಕೊಂಡೇ ಕೇಳಿದ. "ನಿನ್ನ ಕೀಲಿ ಕೊಡು. ಎಲ್ಲಾಕ್ಕಿಂತ ಮುಂದ ಅದನ್ನ ಇಡೂಣು."

ಸುಶೀಲಾ ನನ್ನ ಪಕ್ಕ ಕೂತು ಎಣ್ಣೆ ಬಿಡುತ್ತಿದ್ದಳು. ಕೇಳಿದ್ದು ಅವಳಿಗೆ ಹಿಡಿಸಿತೆಂದು ಮುಖದಲ್ಲೇ ತಿಳಿಯಿತು.

"ಅದು ಪೂಜಾಕ್ಕ ಬ್ಯಾಡ್ರಿ," ಎಂದಳು. "ಕೈಗೆ ಸಿಗಬೇಕು."