ಉರಿ ನಿಂತ ಕಾಲು

ಕೋಟು ಹೊಲಿಯುವ ನಮ್ಮ ಮಾಸ್ತರರು ಬಲಗಾಲಿಗೆ ಪಾದರಕ್ಷೆ ಧರಿಸಿ ಯಂತ್ರದ ಮುಂದೆ ಕುಳಿತದ್ದನ್ನು ನಾನು ಕಂಡಿಲ್ಲ. ಎಡಗಾಲಿಗೆ ಚಪ್ಪಲಿ ಇರುತ್ತಿತ್ತು. ಬಲಗಾಲು ಮಾತ್ರ ತುಳಿಯುವ ಕಬ್ಬಿಣದ ಹಲಗೆಯ ಮೇಲೆ ಬರಿದಾಗಿ ನಿಂತು, ದಪ್ಪ ಬಟ್ಟೆಗೆ ತಗ್ಗುತ್ತ, ತೆಳು ಬಟ್ಟೆಗೆ ಓಡುತ್ತ, ಸೂಜಿಯ ಮನಸ್ಸನ್ನು ಅರಿಯುತ್ತಿತ್ತು. “ಚಪ್ಪಲಿ ಹಾಕಿದ್ರೆ ಮಿಷನ್ನು ನನ್ ಜೊತೆ ಮಾತು ಬಿಡತ್ತೆ ಸಾರ್,” ಎನ್ನುತ್ತಿದ್ದರು.

ಮೂವತ್ತೊಂದು ವರ್ಷ ನಾನು ಅವರ ಗಿರಾಕಿ. ಕಾಲಂಗುಲದ ವ್ಯತ್ಯಾಸಕ್ಕೆ ಇಡೀ ತೋಳನ್ನು ಬಿಚ್ಚಿ ಮರಳಿ ಹೊಲಿಯುವ ಆ ನಿಷ್ಠುರ ಕುಶಲಿ, ತಮ್ಮ ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮಾತ್ರ ಅಪ್ಪಟ ವಂಚಕರಾಗಿದ್ದರು. ರಕ್ತಪರೀಕ್ಷೆಗೆ ನಾಲ್ಕು ದಿನ ಮೊದಲು ಸಿಹಿ ನಿಲ್ಲುತ್ತಿತ್ತು, ಊಟ ಅರ್ಧವಾಗುತ್ತಿತ್ತು, ಮರೆತ ಮಾತ್ರೆಗಳು ನೆನಪಾಗುತ್ತಿದ್ದವು. ಫಲಿತಾಂಶ ಬಂದ ಮಧ್ಯಾಹ್ನವೇ ಚಹಾಕ್ಕೆ ಮೂರು ಚಮಚ ಸಕ್ಕರೆ. ಗುಂಡಿ ಹಚ್ಚುತ್ತ ಕುಳಿತ ಅವರ ಹೆಂಡತಿ ತಲೆಯೆತ್ತದೆಯೇ ಚುಚ್ಚುತ್ತಿದ್ದರು: “ಸಾಹೇಬ್ರು ಬರ್ತಾರೆ ಅಂತ ಸುಣ್ಣ ಬಳಿದ ಆಫೀಸು ನೋಡಿ, ಇವರ ಮೈ.”

“ಸಾಹೇಬ್ರು ಪಾಸು ಮಾಡಿದ್ರಲ್ಲ, ಸುಮ್ನಿರೇ.”

ಪಾಸು ಮಾಡಿದವರ ಮೇಲೂ ನನಗೆ ಕೋಪವಿದೆ. ಮಾಸ್ತರರ ವೈದ್ಯರು ಖಾಲಿ ಹೊಟ್ಟೆಯ ಒಂದೇ ಅಂಕಿಯನ್ನು ನೋಡಿ ಸಹಿ ಹಾಕುತ್ತಿದ್ದರು. ಹಿಂದಿನ ಮೂರು ತಿಂಗಳ ಸರಾಸರಿಯನ್ನು ಬಯಲು ಮಾಡುವ ಪರೀಕ್ಷೆ ಅದೇ ಪ್ರಯೋಗಾಲಯದ ಗೋಡೆಯ ಪಟ್ಟಿಯಲ್ಲಿತ್ತು. ಚಿಕಿತ್ಸೆಯ ಒಂಬತ್ತು ವರ್ಷದಲ್ಲಿ ಅದನ್ನು ಒಮ್ಮೆಯೂ ಬರೆದುಕೊಟ್ಟಿಲ್ಲ. ಆ ವೈದ್ಯರ ಚೀಟಿಗಳ ಕಟ್ಟನ್ನು ಒಂದೊಂದಾಗಿ ತಿರುವಿ ನೋಡಿಯೇ ಈ ಮಾತು ಬರೆಯುತ್ತಿದ್ದೇನೆ.

ಅಂಗಾಲಿನಲ್ಲಿ ಉರಿ ಆರಂಭವಾಯಿತು. ಎರಡು ವರ್ಷ ಒದ್ದೆ ಬಟ್ಟೆ ಸುತ್ತಿ ಸಹಿಸಿದರು. ಒಂದು ದಿನ ನಾನು ಹೋದಾಗ ಅವರ ಮುಖ ಅರಳಿತ್ತು.

“ಉರಿ ಹೋಯ್ತು ಸಾರ್, ಪೂರ್ತಿ ವಾಸಿ. ಹತ್ತಿ ಮೇಲೆ ಕಾಲಿಟ್ಟ ಹಾಗಿದೆ.”

ನಾನೂ ಅಭಿನಂದಿಸಿದೆ, ಆ ಅಜ್ಞಾನದಲ್ಲಿ ನನ್ನ ಪಾಲನ್ನು ಮುಚ್ಚಿಡಲಾರೆ. ಆ ತಿಂಗಳು ನನ್ನ ಕೋಟಿನ ಹೊಲಿಗೆ ಹಾವು ಹರಿದಂತೆ ಬಂತು. ಬಿಚ್ಚಿ ಹೊಲಿದರೂ ಹಾಗೆಯೇ. “ಮಿಷನ್ನಿಗೆ ವಯಸ್ಸಾಯ್ತು,” ಎಂದರು.

ಬಳಿಕ ಒಂದು ಬೆಳಿಗ್ಗೆ ಅಂಗಡಿಯ ನೆಲದ ಮೇಲೆ ರಕ್ತದ ಹೆಜ್ಜೆಗಳನ್ನು ಕಂಡು ಹೆಂಡತಿ, “ರೀ, ಯಾರದ್ರೀ ಇದು?” ಎಂದು ಕೇಳಿದರಂತೆ. “ಯಾರೋ ಗಿರಾಕಿದು, ಒರೆಸು,” ಎಂದು ಇವರು ತುಳಿಯುತ್ತಲೇ ಇದ್ದರಂತೆ. ಅವರ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಮುರಿದ ಸೂಜಿಯ ತುಂಡಿತ್ತು; ಸುತ್ತಲ ಮಾಂಸ ಕಪ್ಪಾಗಿತ್ತು.

ಆಸ್ಪತ್ರೆಯ ಶಸ್ತ್ರವೈದ್ಯೆ ಏನನ್ನೂ ಮುಚ್ಚಿಡಲಿಲ್ಲ. “ಉರಿ ನಿಂತಿದ್ದು ನರ ಸತ್ತಿದ್ದಕ್ಕೆ, ಮಾಸ್ತರೇ. ಸಕ್ಕರೆ ಮೊದಲಿಂದ ಹಿಡಿತದಲ್ಲಿದ್ದಿದ್ರೆ ಇಷ್ಟು ಬೇಗ ಇಲ್ಲಿಗೆ ಬರ್ತಿರಲಿಲ್ಲ. ಹೋದ ನರ ವಾಪಸ್ ಬರೋದು ಕಷ್ಟ. ಇನ್ನು ಮೇಲಾದ್ರೂ ಹಿಡಿದ್ರೆ ಆ ಎಡಗಾಲನ್ನಾದ್ರೂ ಉಳಿಸ್ಕೋಬಹುದು. ಈ ಪಾದದ ಮುಂಭಾಗ ತೆಗೀಲೇಬೇಕು.”

ಮಾಸ್ತರರು ಕೇಳಿದರು: “ಬದಲಿಗೆ ಎಡಗಾಲು ತಗೊಂಡ್ರೆ ಆಗಲ್ವಾ ಡಾಕ್ಟ್ರಮ್ಮ?”



ದೂರುಪತ್ರಗಳು ಬರುವುದು ನಿಂತಾಗ ಊರು ಸುಖವಾಗಿದೆಯೆಂದು ಕಡತದಲ್ಲಿ ಷರಾ ಬರೆದ ಅಧಿಕಾರಿಗಳನ್ನು ನನ್ನ ಸರ್ಕಾರಿ ಸೇವಾವಧಿಯಲ್ಲಿ ಅನೇಕ ಬಾರಿ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ದುಷ್ಟರಲ್ಲ. ದಕ್ಷರು, ಶ್ರಮಜೀವಿಗಳು, ಅನ್ಯರ ಕೆಲಸದಲ್ಲಿ ಎಳೆಯಷ್ಟು ತಪ್ಪನ್ನೂ ಸಹಿಸದವರು. ಬರೆದೂ ಬರೆದೂ ಸೋತವನು ಕೊನೆಗೆ ಲೇಖನಿಯನ್ನು ಕೆಳಗಿಡುತ್ತಾನೆಂಬುದು ಮಾತ್ರ ಅಂಥವರಿಗೆ ಹೊಳೆಯುವುದಿಲ್ಲ.