ಎಲ್ಲದಕ್ಕೂ ‘ಇಲ್ಲೆ’ ಅನ್

"ಎಲ್ಲದಕ್ಕೂ ‘ಇಲ್ಲೆ’ ಅನ್, ಅಷ್ಟೇ. ಶುಗರ್ ಇತ್ತಾ? ಇಲ್ಲೆ. ಬಿಪಿ ಇತ್ತಾ? ಇಲ್ಲೆ. ಅವ್ರ್ ಕೇಂತ್ರ್, ನೀ ‘ಇಲ್ಲೆ’ ಅಂತೆ, ಮುಗೀತ್," ಅಂದ ನಿತೇಶ.

ನಿತೇಶ ನನ್ನ ಚಿಕ್ಕಮ್ಮನ ಮಗ. ಶಿರೂರಿನಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ ಅವನ ಮನೆ. ಊರವರ ಬೈಕಿಗೆ ಇನ್ಶೂರೆನ್ಸ್ ಮಾಡಿಸಿಕೊಡುತ್ತಿದ್ದ ಏಜೆಂಟ, ಈಗೀಗ ಮನುಷ್ಯರಿಗೂ ಮಾಡಿಸ್ತಾನೆ. ನನ್ನ ಆರೋಗ್ಯ ವಿಮೆಗೆ ಅಂತ ಜಗಲಿಯಲ್ಲಿ ಕೂತು, ಚಾ ಕುಡೀತಾ, ಮೊಬೈಲಲ್ಲಿ ಬಂದ ಪ್ರಶ್ನೆಗಳನ್ನೆಲ್ಲ ತಾನೇ ಓದಿಕೊಂಡು ತಾನೇ ಉತ್ತರ ಒತ್ತಿದ. ಫಿಟ್ಸ್ ಇದೆಯಾ ಅನ್ನುವ ಪ್ರಶ್ನೆ ಬಂದಾಗ ನನ್ನ ಮುಖ ಕೂಡ ನೋಡಲಿಲ್ಲ. ಗೊತ್ತಿಲ್ಲದೆ ಅಲ್ಲ. ನಾನು ಮೊದಲ ಸಲ ಬಿದ್ದಾಗ ಎತ್ತಿ ರಿಕ್ಷಾಕ್ಕೆ ಹಾಕಿದವನೇ ಅವನು.

"ಹ್ವಾಯ್, ಅದಕ್ಕೂ ‘ಇಲ್ಲೆ’ ಒತ್ತಿದ್ಯಾ?" ಅಂದೆ.

"ಮತ್ತೆಂತ ಮಾಡ್ಕ್? ‘ಹೌದ್’ ಅಂದ್ರೆ ನಿಂಗೆ ಪಾಲಿಸಿ ಯಾರ್ ಕೊಡ್ತ್ರ್ ಮಾರಾಯ್ತಿ? ಕಂಪನಿಯಿಂದ ಒಂದ್ ಫೋನ್ ಬತ್ತ್. ಡಾಕ್ಟ್ರ್ ಮಾತಾಡ್ತ್ರ್. ಅಲ್ಲೂ ಹೀಂಗೆ ಹೇಳ್."

ಅಮ್ಮ ಒಳಗಿಂದಲೇ, "ಅವ ಹೇಳ್ದಾಂಗೆ ಮಾಡ್ ಹೆಣೆ," ಅಂದಳು. ಅಮ್ಮನಿಗೆ ‘ಇಲ್ಲೆ’ ಅನ್ನುವುದು ಉಸಿರಾಡಿದಷ್ಟು ಸುಲಭ. ಕಾಲೇಜಿನ ಕೊನೇ ವರ್ಷದಲ್ಲಿ ನನಗೆ ಫಿಟ್ಸ್ ಶುರುವಾದಾಗಿಂದ ಊರಿಗೆಲ್ಲ ಅವಳು ಅದನ್ನೇ ಹೇಳಿಕೊಂಡು ಬಂದಿದ್ದಾಳೆ. ಆ ಗುಳಿಗೆ ಎಂತದ್ದು? ವಿಟಮಿನ್. ಉಡುಪಿಗೆ ಎಂತಕೆ ಹೋದ್ದ್? ಹಲ್ಲುನೋವು. ನನ್ನ ಬಾಯಲ್ಲಿ ಇಷ್ಟೊತ್ತಿಗೆ ಒಂದು ಹಲ್ಲೂ ಉಳಿದಿರಬಾರದಿತ್ತು.

ಗುಳಿಗೆ ತಪ್ಪಿಸದಿದ್ದರೆ ವರ್ಷಕ್ಕೆ ಒಂದು ಸಲ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೇರೆ ಕೆಲಸದವಳಾಗಿದ್ದರೆ ನಾನೂ ಇಷ್ಟು ಹೆದರುತ್ತಿರಲಿಲ್ಲ. ಆದರೆ ನಾನು ಮದುಮಗಳಿಗೆ ಮೇಕಪ್ ಮಾಡುವವಳು. ಅಂಗಡಿ ಇಲ್ಲ, ಧಣಿ ಇಲ್ಲ, ಚಕ್ರದ ಪೆಟ್ಟಿಗೆ ಎಳಕೊಂಡು ಶಿರೂರಿಂದ ಬ್ರಹ್ಮಾವರದ ತನಕ ಯಾವ ಮನೆಯವರು ಕರೆದರೂ ಹೋಗುವುದು. ವಿನಯಾನ ಕೈ ಬಾಳ ಹಗುರ ಅಂತ ಒಬ್ಬರು ಇನ್ನೊಬ್ಬರಿಗೆ ಹೇಳಿಯೇ ನನಗೆ ಕೆಲಸ ಸಿಗುವುದು. ಹಾಗೆಯೇ ಒಬ್ಬರು ಇನ್ನೊಬ್ಬರಿಗೆ ‘ಅವಳಿಗೆ ಫಿಟ್ಸ್ ಅಂಬ್ರ್’ ಅಂದರೆ ಮುಗಿಯಿತು. ಫಿಟ್ಸ್ ಬಪ್ಪವಳ ಕೈಗೆ ಮದುವೆ ದಿನ ಮಗಳ ಮುಖ ಯಾರು ಕೊಡ್ತಾರೆ?

ಹಾಗಾದರೆ ಸುಮ್ಮನೆ ‘ಇಲ್ಲೆ’ ಅಂದು ಪಾಲಿಸಿ ತಗೊಳ್ಳಬಹುದಿತ್ತಲ್ಲ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ, ಕಳೆದ ಮಳೆಗಾಲದ ತನಕ. ಆಷಾಢದಲ್ಲಿ, ಮದುವೆ ಇಲ್ಲದ ತಿಂಗಳಲ್ಲಿ, ಬಚ್ಚಲಲ್ಲಿ ಫಿಟ್ಸ್ ಬಂದು, ಕೂರಲು ಹೋಗಿ ಜಾರಿ ಬಿದ್ದು ತಲೆ ಒಡೆದುಕೊಂಡು ಆಸ್ಪತ್ರೆ ಸೇರಿದೆ. ಅಮ್ಮನ ಬಳೆ ಸೊಸೈಟಿಗೆ ಅಡವು ಹೋಯಿತು. ಅದೇ ಆಸ್ಪತ್ರೆಯಲ್ಲಿ ಕೇಟರಿಂಗಿನ ರಾಜೇಂದ್ರಣ್ಣ ಹೃದಯದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಎಷ್ಟೋ ಮದುವೆ ಮನೆಯಲ್ಲಿ ಅವರ ಕೈಯೂಟ ಉಂಡಿದ್ದೇನೆ. ಅವರಿಗೆ ಪಾಲಿಸಿ ಇತ್ತು. ಆದರೆ ಮುಂಚಿನಿಂದ ಬಿಪಿ ಗುಳಿಗೆ ತಿನ್ನುವುದನ್ನು ಹೇಳಿಲ್ಲ ಅಂತ ಕಂಪನಿ ಕೈಯೆತ್ತಿತು. "ನಾ ಎಂತದೂ ಮುಚ್ಚಿಡ್ಲಿಲ್ಲೆ ಮಗಾ, ಏಜೆಂಟ ಎಲ್ಲದಕ್ಕೂ ‘ಇಲ್ಲೆ’ ಒತ್ಕಂಡ್ ಹೋದ," ಅಂದರು ನನ್ನ ಹತ್ತಿರ. ಅವರ ಹೆಂಡತಿ ವನಜಕ್ಕ ಬಿಲ್ಲಿನ ಕೌಂಟರಿನ ಎದುರು ನಿಂತು ಒಬ್ಬೊಬ್ಬ ನೆಂಟನಿಗೂ ಫೋನ್ ಹಚ್ಚುತ್ತಿದ್ದರು. ನೂರು ಜನರ ಪಂಕ್ತಿಯಲ್ಲಿ ಗಟ್ಟಿಯಾಗಿ ಬಡಿಸುವ ಹೆಂಗಸು, ಅಲ್ಲಿ ಸ್ವರವೇ ಹೊರಡುತ್ತಿರಲಿಲ್ಲ.

ನಿತೇಶ ಒತ್ತಿ ಹೋದ ಮೇಲೆ ನನಗೆ ಕೂತಲ್ಲಿ ಕೂರಲಿಕ್ಕಾಗಲಿಲ್ಲ. ಕಂಪನಿಯ ಫೋನು ಬರುವುದೂ ನಾನು ಯಾರದ್ದೋ ಹುಬ್ಬು ತಿದ್ದುವ ಹೊತ್ತಿಗೇ. ಎತ್ತುವುದಿಲ್ಲ. ಆಮೇಲೆ ನಾನು ಮಾಡಿದರೆ ಆಚೆ ಬರೀ ಸಂಗೀತ. ಒಂದು ಸಲ ಕೈ ಖಾಲಿ ಇದ್ದಾಗಲೇ ಬಂತು, ಬೇಕಂತಲೇ ಎತ್ತಲಿಲ್ಲ. ಹೌದು ಅನ್ನಲಿಕ್ಕೂ ಧೈರ್ಯ ಇಲ್ಲ, ಇಲ್ಲ ಅನ್ನಲಿಕ್ಕೂ ಧೈರ್ಯ ಇಲ್ಲ. ಅಂಥ ದರಿದ್ರ ವಾರ ಅದು.

ಕಡೆಗೆ ಆ ಫೋನು ಎತ್ತಿದ್ದು ಬಸ್ಸಿನಲ್ಲಿ.

ಕೋಟೇಶ್ವರದ ಸ್ವಾತಿಗೆ ಭಾನುವಾರ ಮದುವೆ. ಅವಳ ರವಿಕೆ ಬ್ರಹ್ಮಾವರದಲ್ಲಿ ಹೊಲಿಯಲಿಕ್ಕೆ ಕೊಟ್ಟಿದ್ದರು. ಸೀರೆಗೂ ಬಣ್ಣಕ್ಕೂ ಹೊಂದಿಸಿ ನೋಡಬೇಕು ಅಂತ ನನ್ನನ್ನೂ ಕರಕೊಂಡು ಹೋಗಿದ್ದರು, ಸ್ವಾತಿ ಮತ್ತು ಅವಳಮ್ಮ ರಾಜೀವಿ. ವಾಪಸ್ ಬರುವಾಗ ಕುಂದಾಪುರದ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಮೂವರ ಸೀಟಿನಲ್ಲಿ ಸ್ವಾತಿ ಕಿಟಕಿಗೆ, ರಾಜೀವಕ್ಕ ನಡುವೆ, ನಾನು ಇತ್ತ ಬದಿಗೆ ಕೂತಿದ್ದೆವು. ಫೋನ್ ಹೊಡೆಯಿತು.

"ವಿನಯಾ ಅವರಾ? ವಿಮಾ ಕಂಪನಿಯಿಂದ ಡಾಕ್ಟರ್ ಮಾತಾಡ್ತಾ ಇದ್ದೀನಿ."

"ನಾ ಬಸ್ಸಲ್ಲಿದ್ದೆ. ಮತ್ತೆ ಮಾಡ್ತ್ರ್ಯಾ?"

"ಇದು ಕೊನೇ ಪ್ರಯತ್ನ ಮೇಡಂ. ಇವತ್ತು ಆಗದಿದ್ರೆ ಅರ್ಜಿ ರದ್ದಾಗುತ್ತೆ. ಹೌದು, ಇಲ್ಲ ಅಂತ ಮಾತ್ರ ಹೇಳಿದ್ರೆ ಸಾಕು. ಕರೆ ರೆಕಾರ್ಡ್ ಆಗ್ತಾ ಇದೆ."

ಹೌದು, ಇಲ್ಲ ಮಾತ್ರ ತಾನೇ, ಪಕ್ಕದವರಿಗೆ ಎಂತ ಗೊತ್ತಾಗ್ತದೆ ಅಂದುಕೊಂಡೆ. ಸಕ್ಕರೆ ಕಾಯಿಲೆ? ಇಲ್ಲ. ಹೃದಯದ ತೊಂದರೆ? ಇಲ್ಲ. ರಾಜೀವಕ್ಕ ನನ್ನ ಬದಿಗೆ ಒಂಚೂರು ವಾಲಿಕೊಂಡರು. ಬಸ್ಸು ಮಾಬುಕಳದ ಸೇತುವೆ ಮೇಲಿತ್ತು.

"ಫಿಟ್ಸ್, ಮೂರ್ಛೆ, ಇಂಥದ್ದು ಯಾವತ್ತಾದ್ರೂ ಬಂದಿದೆಯಾ?"

‘ಇಲ್ಲ’ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟು ವರ್ಷದ ಅಭ್ಯಾಸ. ಆದರೆ ಕೌಂಟರಿನ ಎದುರು ನನ್ನಮ್ಮ ನಿಂತ ಹಾಗೆ, ಸ್ವರ ಹೊರಡದ ಹಾಗೆ ಕಂಡಿತು. "ಹೌದು," ಅಂದೆ. ರಾಜೀವಕ್ಕನ ಮುಖ ನೋಡಿದೆ. ಅವರಿಗೆ ಎಂತದೂ ಅರ್ಥವಾಗಿರಲಿಲ್ಲ. ಅಬ್ಬ, ಬದುಕಿದೆ ಅಂತ ಉಸಿರು ಬಿಟ್ಟೆ.

"ಅರ್ಜಿಯಲ್ಲಿ ‘ಇಲ್ಲ’ ಅಂತಿದೆಯಲ್ಲ ಮೇಡಂ? ತಿದ್ದಬೇಕಾದ್ರೆ ನಿಮ್ಮ ಬಾಯಿಂದಾನೇ ಪೂರ್ತಿ ಹೇಳಬೇಕು. ಕಾಯಿಲೆ ಏನು, ಯಾವಾಗಿಂದ, ಔಷಧಿ ತಗೋತಿದ್ದೀರಾ?"

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಪಿಸುಗುಟ್ಟಿದೆ.

"ಕೇಳಿಸ್ತಿಲ್ಲ ಮೇಡಂ."

ಮತ್ತೆ ಹೇಳಿದೆ. ಡ್ರೈವರ್ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ, ಪ್ಲೀಸ್."

ನನಗೆ ಸಿಟ್ಟು ಬಂತು. ಆ ಡಾಕ್ಟರಮ್ಮನ ಮೇಲೆ, ಹಾರ್ನಿನ ಮೇಲೆ, ನಿತೇಶನ ಮೇಲೆ, ಹಲ್ಲುನೋವಿನ ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚು ಇಲಿಯ ಹಾಗೆ ಮುದುಡಿ ಕೂತ ನನ್ನ ಮೇಲೆ. "ಫಿಟ್ಸ್," ಅಂದೆ. "ನಂಗೆ ಫಿಟ್ಸ್ ಇತ್ತ್. ಕಾಲೇಜಿಗ್ ಹೋಪತಿಗೆ ಶುರುವಾದ್ದ್. ದಿನಾ ಗುಳಿಗೆ ತಿಂತೆ. ಕಳ್ದ್ ಮಳೆಗಾಲದಾಗೆ ಬಿದ್ದ್ ಆಸ್ಪತ್ರೆ ಸೇರಿದ್ದೆ. ಈಗ ಕೇಂತಾ?"

ಸರಿಯಾಗಿ ಆಗಲೇ ಬಸ್ಸು ಸಾಲಿಗ್ರಾಮದಲ್ಲಿ ನಿಂತು ಇಂಜಿನ್ನಿನ ಸದ್ದು ಇಳಿದಿತ್ತು. ನನ್ನ ಮಾತು ಡ್ರೈವರನಿಂದ ಹಿಂದಿನ ಸೀಟಿನ ತನಕ ಹೋಯಿತು. ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ನೋಡಿದ.

"ಥ್ಯಾಂಕ್ಯೂ ಮೇಡಂ, ಈಗ ಸರಿಯಾಗಿ ಕೇಳಿಸ್ತು," ಅಂದಳು ಡಾಕ್ಟರಮ್ಮ.

ರಾಜೀವಕ್ಕ ನನ್ನ ತೊಡೆಗೆ ತಾಗಿದ್ದ ಸೆರಗನ್ನು ಮೆಲ್ಲ ಎಳೆದುಕೊಂಡರು. ಕೋಟ ಹೋಯಿತು, ತೆಕ್ಕಟ್ಟೆ ಹೋಯಿತು. ಕುಂಭಾಶಿಯಲ್ಲಿ ಅರ್ಧ ಬಸ್ಸು ಆನೆಗುಡ್ಡೆ ಗಣಪತಿಯ ದಿಕ್ಕಿಗೆ ಕೈಮುಗಿಯಿತು, ರಾಜೀವಕ್ಕ ಉಳಿದವರಿಗಿಂತ ಹೆಚ್ಚು ಹೊತ್ತು ಮುಗಿದರು. ಸ್ವಾತಿ ಮಾತ್ರ ಒಂದೆರಡು ಸಲ ಬಗ್ಗಿ ನನ್ನನ್ನು ನೋಡಿದಳು. ಕೋಟೇಶ್ವರದಲ್ಲಿ ಇಳಿಯುವಾಗ ರಾಜೀವಕ್ಕ, "ಫೋನ್ ಮಾಡ್ತೆ," ಅಂದರು. ಆ ಸ್ವರ ನನಗೆ ಗೊತ್ತು. ಗಂಡಿನ ಕಡೆಯವರು ಒಲ್ಲದ ಹೆಣ್ಣಿನ ಮನೆಯಿಂದ ಏಳುವಾಗ ಹಾಗೇ ಹೇಳುವುದು.

ಮನೆಯಲ್ಲಿ ಅಮ್ಮ ಅತ್ತಳು. ನಿತೇಶ ಬಂದು ಜಗಲಿಯಲ್ಲಿ ಹಾರಾಡಿದ. "ನಿಂಗೆ ತಲಿ ಸಮ ಇತ್ತಾ? ಒಂದ್ ‘ಇಲ್ಲೆ’ ಅಂಬುಕೆ ಎಂತ ಆಯ್ತ್ ನಿಂಗೆ?"

"ನಾಳೆ ಕಂಪನಿ ಕೈಯೆತ್ತಿರೆ ನೀ ಬಂದ್ ಬಿಲ್ ಕಟ್ತ್ಯಾ?" ಅಂದೆ. ಚಾ ಕುಡಿಯದೆ ಹೋದ.

ಪಾಲಿಸಿ ಸಿಕ್ಕಿತು. ಕಂತು ಜಾಸ್ತಿ, ಫಿಟ್ಸಿಗೆ ಸಂಬಂಧಪಟ್ಟ ಖರ್ಚು ಮೂರು ವರ್ಷ ಕೊಡುವುದಿಲ್ಲ, ಉಳಿದದ್ದಕ್ಕೆಲ್ಲ ಕೊಡ್ತೇವೆ ಅಂತ ಬಂತು. "ಇಷ್ಟಕ್ಕಾ ನೀ ಬಸ್ಸೆಲ್ಲ ಕೇಂಬಾಂಗೆ ಕೂಗಿದ್ದ್?" ಅಂದಳು ಅಮ್ಮ. ಇಷ್ಟಕ್ಕೇ. ಜ್ವರ ಬಂದರೂ ಕಾಲು ಮುರಿದರೂ ಅಮ್ಮ ಕೌಂಟರಿನ ಎದುರು ನಿಲ್ಲಬೇಕಾಗಿಲ್ಲ, ಸುಳ್ಳು ಹೇಳಿದ್ದಿ ಅಂತ ಯಾರೂ ನನಗೆ ಬೆರಳು ತೋರಿಸುವ ಹಾಗಿಲ್ಲ. ಖುಷಿಯಾಗಬೇಕಿತ್ತು. ಆದರೆ ಅದೇ ಸಂಜೆ ಬ್ರಹ್ಮಾವರದ ಸೌಮ್ಯಶ್ರೀ ಮನೆಯಿಂದ ಫೋನು ಬಂತು. ನಿಶ್ಚಿತಾರ್ಥಕ್ಕೆ ಸಂಬಂಧದವರೇ ಯಾರೋ ಮೇಕಪ್ ಮಾಡ್ತಾರಂತೆ, ನಾನು ಬರುವುದು ಬೇಡವಂತೆ. ಬೈಂದೂರಿನ ಇನ್ನೊಬ್ಬರು ಫೋನೇ ಎತ್ತಲಿಲ್ಲ. ಪಾಲಿಸಿ ಇಟ್ಟುಕೊಂಡು ಕಂತು ಕಟ್ಟುವುದು ಯಾವ ಕೆಲಸದಿಂದ ಅಂತ ಹೆದರಿಕೆಯಾಯಿತು.

ರಾಜೀವಕ್ಕ ಬೇಡ ಅಂತಲೂ ಹೇಳಲಿಲ್ಲ, ಬಾ ಅಂತಲೂ ಹೇಳಲಿಲ್ಲ. ಶನಿವಾರ ಪೆಟ್ಟಿಗೆ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ನಾನಾಗಿ ಫೋನ್ ಮಾಡಿದರೆ ಬೇಡ ಅನ್ನುವುದು ಅವರಿಗೆ ಸುಲಭ. ಮುಖ ನೋಡಿ ಹೇಳಲಿ ಅಂತ ಭಾನುವಾರ ಮೊದಲ ಬಸ್ಸಿಗೇ ಹೊರಟೆ.

ಕೋಟೇಶ್ವರದ ಮನೆಯಲ್ಲಿ ನನ್ನನ್ನು ಕಂಡು ರಾಜೀವಕ್ಕ ಬಾಗಿಲಲ್ಲೇ ನಿಂತರು. ಹೋಗು ಅನ್ನಲಿಲ್ಲ. ಬೇರೆಯವರನ್ನು ಹುಡುಕಿದ್ದರು, ಮದುವೆಯ ಸೀಸನ್, ಯಾರೂ ಸಿಕ್ಕಿರಲಿಲ್ಲ ಅಂತ ಆಮೇಲೆ ತಿಳಿಯಿತು. ಕೋಣೆಗೆ ಬಿಟ್ಟು, ನಾನು ಪೆಟ್ಟಿಗೆ ತೆರೆಯುವಾಗ ಕಪಾಟಿನ ಬೀಗದಕೈ ಗೊಂಚಲು ತಂದು ಕನ್ನಡಿಯ ಹತ್ತಿರ ಇಟ್ಟರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಅಂತ ನಮ್ಮಲ್ಲಿ ನಂಬುತ್ತಾರೆ. ಆಮೇಲೆ ನನ್ನ ಬೆನ್ನ ಹಿಂದೆಯೇ ನಿಂತರು, ಬಿದ್ದರೆ ಹಿಡಿಯಲಿಕ್ಕೋ ಮಗಳನ್ನು ಎಳೆದುಕೊಳ್ಳಲಿಕ್ಕೋ. ನನಗೆ ನಾಚಿಕೆಯಾಯಿತು, ಮೈಯೆಲ್ಲ ಉರಿಯಿತು. ಬ್ರಷ್ ಕೆಳಗಿಟ್ಟು ಹೋಗಿಬಿಡುವಾ ಅಂತ ಕಂಡಿತು.

"ಅಮ್ಮ, ನೀ ಹೊರಗ್ ಹೋಗ್," ಅಂದಳು ಸ್ವಾತಿ.

"ಸುಮ್ನಿರ್ ನೀ. ಕಣ್ಣಿನ್ ಕೆಲ್ಸ ಇತ್ತ್."

"ನನ್ನ ಕಣ್ಣಲ್ದಾ? ಹೋಗ್. ಬಾಗ್ಲ್ ಹಾಕ್."

ರಾಜೀವಕ್ಕ ನಮ್ಮಿಬ್ಬರನ್ನೂ ನೋಡಿದರು. ಗೊಣಗಿಕೊಂಡು ಹೋದರು. ಬಾಗಿಲು ಪೂರ್ತಿ ಹಾಕಲಿಲ್ಲ.

ಸ್ವಾತಿ ಕನ್ನಡಿಯಲ್ಲೇ ನನ್ನನ್ನು ಕೇಳಿದಳು. "ಫಿಟ್ಸ್ ಬಪ್ಪುಕಿಂತ ಮೊದ್ಲ್ ನಿಂಗೆ ಗೊತ್ತಾತ್ತಾ?"

ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿದವರಿಲ್ಲ. ಕೇಳುವುದು ಹೇಗೆ, ನಾವು ಯಾರಿಗೂ ಹೇಳಿದ್ದೇ ಇಲ್ಲವಲ್ಲ.

"ಗೊತ್ತಾತ್ತ್," ಅಂದೆ. "ಎಡ್ಗೈ ಜುಂ ಅಂತ್. ಬ್ರಷ್ ಕೆಳಗಿಟ್ಟ್ ಕೂಕಂಬಷ್ಟ್ ಹೊತ್ತ್ ಸಿಕ್ಕತ್ತ್."

"ಹಾಂಗಾರೆ ಜುಂ ಅಂದ್ರೆ ಹೇಳ್. ನಾ ಎದ್ದ್ ನಿನ್ನ ಹಿಡ್ಕಂತೆ."

ಅಷ್ಟು ಹೇಳಿ ಮುಖ ಎತ್ತಿ ಕಣ್ಣು ಮುಚ್ಚಿದಳು. ಅಳುತ್ತಾ ಕೂರಲಿಕ್ಕೆ ಪುರುಸೊತ್ತಿರಲಿಲ್ಲ, ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಅವಳ ಗಲ್ಲ ಹಿಡಿದುಕೊಂಡು ಎಡಗಣ್ಣಿಂದ ಶುರು ಮಾಡಿದೆ.